ಬಾಣಂತಿ ಕೋಣೆಯಿಂದ ಬಾವಿಕಟ್ಟೆಗೆ

ಮಗಳಿಗೆ ಹೆರಿಗೆಯಾಗಿ ಅಂದಿಗೆ ಹನ್ನೆರಡನೆಯ ದಿನ. ಬಿಸಿ ಅನ್ನಕ್ಕೆ ಮೆಣಸಿನ ಸಾರು ಕಲಸಿಕೊಂಡು ಬಾಣಂತಿ ಕೋಣೆಯ ಬಾಗಿಲು ತಳ್ಳಿದೆ. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಅದರ ತಾಯಿ ಮಾತ್ರ ನೆಲಕ್ಕೆ ಚಾಪೆ ಹಾಸಿ ಅಂಗಾತ ಮಲಗಿದ್ದಳು. ಗೋಡೆಗೆ ಒರಗಿಸಿದ್ದ ಮೊಬೈಲಿನಲ್ಲಿ ಯಾರೋ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಒಂದು, ಎರಡು ಎಂದು ಎಣಿಸುತ್ತಿದ್ದಳು. ಆ ಎಣಿಕೆಗೆ ಸರಿಯಾಗಿ ಇವಳು ಎರಡೂ ಕಾಲನ್ನು ಒಟ್ಟಿಗೆ ಮೇಲೆತ್ತಿ ಇಳಿಸುತ್ತಿದ್ದಳು. ಸಿಸೇರಿಯನ್ ಆದ ಮೈ, ಹೊಲಿಗೆ ಇನ್ನೂ ಹಸಿ.

ನನ್ನ ಬೆನ್ನ ಹಿಂದೆಯೇ ಹಂಡೆ ಒಲೆ ಉರಿ ಮಾಡಿ ಬಂದಿದ್ದ ಅಮ್ಮ ಒಳಗೆ ಇಣುಕಿದರು. "ಅಯ್ಯೋ ಶಿವನೇ, ಇವಳಿಗೇನು ಬಂತೇ! ಹಸಿ ಮೈ ಕಣೇ, ನಂಜಾದೀತು, ಸನ್ನಿ ಹಿಡಿದೀತು!"

"ಸುಮ್ನಿರಜ್ಜಿ, ಮೂರು ತಿಂಗಳು ಮಲಗೋ ಕಾಲ ಹೋಯ್ತು. ಈಗೆಲ್ಲ ಬೇಗ ಎಕ್ಸರ್‌ಸೈಜ್ ಮಾಡ್ಬೇಕು ಅಂತಾರೆ."

ಅಜ್ಜಿ ಮೊಮ್ಮಗಳು ಇಬ್ಬರೂ ತೀರ್ಪು ಹೇಳು ಎಂಬಂತೆ ನನ್ನ ಮುಖ ನೋಡಿದರು. ಮೂವತ್ತು ವರ್ಷದ ಹತ್ತಿರ ಸಮಾಜ ಪಾಠ ಹೇಳಿದವಳು ನಾನು. ಪಾಣಿಪತ್ ಕದನ ಎಷ್ಟನೆಯ ಇಸವಿಯಲ್ಲಿ ನಡೆಯಿತೆಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು. ಆದರೆ ಹೆತ್ತ ಹೆಂಗಸು ಯಾವತ್ತು ಎದ್ದು ನಡೆಯಬೇಕು, ಯಾವತ್ತು ಕೊಡ ಹೊರಬೇಕು, ಯಾವತ್ತು ಬಗ್ಗಬೇಕು ಎಂಬುದನ್ನು ನಾನು ಕಲಿಸಿದ ಯಾವ ಪುಸ್ತಕವೂ ಹೇಳಿರಲಿಲ್ಲ. ರಾಣಿ ರಾಜಕುಮಾರನನ್ನು ಹೆತ್ತಳು ಎಂದು ಒಂದು ಸಾಲಿರುತ್ತದೆ. ಮುಂದಿನ ಸಾಲಿನಲ್ಲಿ ರಾಜಕುಮಾರನಿಗೆ ಪಟ್ಟಾಭಿಷೇಕವೇ ಆಗಿಬಿಟ್ಟಿರುತ್ತದೆ. ನಡುವೆ ರಾಣಿಯ ಸೊಂಟ ಏನಾಯಿತೆಂದು ಯಾರೂ ಬರೆದಿಲ್ಲ.

ನಾನು ಮೊಬೈಲು ಆರಿಸಿ, ಮಗಳನ್ನು ಮಗ್ಗುಲಿಗೆ ಹೊರಳಿಸಿ, ಕೈ ಊರಿಸಿ ಎಬ್ಬಿಸಿದೆ. ಅಮ್ಮ ಗೆದ್ದೆನೆಂದುಕೊಂಡರು, ಮಗಳು ಮುಖ ಊದಿಸಿಕೊಂಡಳು. ನನ್ನ ಎದೆ ಹೊಡೆದುಕೊಂಡದ್ದು ಮಾತ್ರ ಅವರ ಜಗಳಕ್ಕಲ್ಲ. ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿ ಆ ಚಾಪೆಯ ಮೇಲೆ ಮತ್ತೆ ನಡೆಯುತ್ತಿದ್ದಂತೆ ಕಂಡಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಕೋಣೆಯ ಚರಿತ್ರೆ ಆಗಲಿ.

ನಮ್ಮ ತವರು ತಿಪಟೂರಿನ ಕಡೆ. ಕೊಬ್ಬರಿಯ ಸೀಮೆ. ನಮ್ಮಲ್ಲಿ ಬಾಣಂತನವೆಂದರೆ ಅರ್ಧ ಕೊಬ್ಬರಿಯ ಲೆಕ್ಕ, ಅರ್ಧ ಸೌದೆಯ ಲೆಕ್ಕ. ಮನೆಯಲ್ಲಿ ಬಸುರಿಗೆ ಏಳು ತುಂಬುವ ಹೊತ್ತಿಗೇ ಅಜ್ಜಿ ಒಣಸೌದೆ ಒಟ್ಟಿಸುತ್ತಿದ್ದರು. ಹೆರಿಗೆಯಾದ ಮೇಲೆ ಕತ್ತಲೆ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಬದಿಗೆ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ. ಮೈತುಂಬ ಎಣ್ಣೆ ತಿಕ್ಕಿ, ಹಂಡೆ ಹಂಡೆ ಬಿಸಿನೀರನ್ನು ಸೊಂಟದ ಮೇಲೆ ಚಚ್ಚಿ ಹುಯ್ಯುವುದು. ಆಮೇಲೆ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಹೊಟ್ಟೆಗೆ ಬಿಗಿಯಾಗಿ ಸುತ್ತುವುದು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೊಬ್ಬರಿ ಬೆಲ್ಲದ ಅಂಟಿನುಂಡೆ. ಕುಡಿಯಲು ಮಾತ್ರ ಲೋಟದ ಲೆಕ್ಕದಲ್ಲಿ ನೀರು. ನೀರು ಹೆಚ್ಚು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ ಎಂಬ ನಂಬಿಕೆ.

ಮೂರನೆಯ ತಿಂಗಳಲ್ಲಿ ಒಂದು ಒಳ್ಳೆಯ ದಿನ ನೋಡಿ ಗಂಗೆ ಪೂಜೆ. ಬಾಣಂತಿ ಹೊಸ ಸೀರೆ ಉಟ್ಟು, ಅರಿಶಿನ ಕುಂಕುಮ, ಹೂವು, ಎಲೆ ಅಡಿಕೆ ಹಿಡಿದು ಬಾವಿಕಟ್ಟೆಗೆ ಹೋಗಿ ಪೂಜೆ ಮಾಡುತ್ತಿದ್ದಳು. ಒಂದು ಸಣ್ಣ ಬಿಂದಿಗೆಯಲ್ಲಿ ನೀರು ಸೇದಿ ಮನೆಗೆ ತರುತ್ತಿದ್ದಳು. ಚಿಕ್ಕವಳಿದ್ದಾಗ ಇದು ಬರಿಯ ದೇವರ ಕೆಲಸವೆಂದುಕೊಂಡಿದ್ದೆ. ಈಗ ಯೋಚಿಸಿದರೆ ಅದೊಂದು ಅಪ್ಪಣೆ ಚೀಟಿ. ಇನ್ನು ಇವಳು ನೀರು ಸೇದಬಹುದು, ಭಾರ ಎತ್ತಬಹುದು ಎಂದು ಊರಿಗೆ ಸಾರುವ ದಿನ. ಅಲ್ಲಿಯವರೆಗೆ ಅವಳಿಗೆ ಕೊಡ ಹೊರು ಎಂದು ಹೇಳುವ ಧೈರ್ಯ ಯಾವ ಅತ್ತೆಗೂ ಇರಲಿಲ್ಲ. ಮೊದಲ ದಿನ ಸಣ್ಣ ಬಿಂದಿಗೆ, ದೊಡ್ಡ ಕೊಡವಲ್ಲ, ಎಂಬುದನ್ನೂ ಗಮನಿಸಿ.

ಈ ಪದ್ಧತಿಗೆ ಬೇರು ಬಹಳ ಆಳದಲ್ಲಿದೆ. ಹೆತ್ತವಳ ಹೊಟ್ಟೆಗೆ ಜಿಡ್ಡು ಸವರಿ, ದೊಡ್ಡ ಶುಭ್ರ ವಸ್ತ್ರದಿಂದ ಸುತ್ತಬೇಕೆಂದು ಚರಕ ಸಂಹಿತೆಯಲ್ಲೇ ಇದೆ. ಖಾಲಿಯಾದ ಹೊಟ್ಟೆಯಲ್ಲಿ ವಾಯುವಿಗೆ ಜಾಗ ಸಿಗಬಾರದೆಂಬುದು ಅಲ್ಲಿನ ಕಾರಣ. ಸುಶ್ರುತ ಸಂಹಿತೆ ಬಾಣಂತಿಯ ಪಥ್ಯಕ್ಕೆ ಒಂದೂವರೆ ತಿಂಗಳು ಎಂದು ಗಡುವು ಹಾಕುತ್ತದೆ. ಆ ಅವಧಿಯಲ್ಲಿ ಸಿಟ್ಟು, ಆಯಾಸ, ಗಂಡನ ಸಂಗ ಕೂಡದೆನ್ನುತ್ತದೆ. ಒಂದೂವರೆ ತಿಂಗಳೆಂದರೆ ಆರು ವಾರ ಚಿಲ್ಲರೆ. ಯೆಹೂದ್ಯರ ಹಳೆಯ ಗ್ರಂಥದಲ್ಲಿ ಗಂಡು ಹೆತ್ತವಳಿಗೆ ನಲವತ್ತು ದಿನ, ಮೆಕ್ಸಿಕೋದಲ್ಲಿ ನಲವತ್ತು ದಿನ, ಚೀನಾದಲ್ಲಿ 'ತಿಂಗಳು ಕೂರುವುದು' ಎಂದೇ ಅದಕ್ಕೆ ಹೆಸರು. ಒಬ್ಬರನ್ನೊಬ್ಬರು ಕಾಣದ ಹೆಂಗಸರು ಹೆಚ್ಚುಕಡಿಮೆ ಒಂದೇ ಲೆಕ್ಕಕ್ಕೆ ಬಂದದ್ದು ಸುಮ್ಮನೆ ಇರಲಾರದು. ಹೆರಿಗೆಯಾದ ಕೂಡಲೇ ಗರ್ಭಕೋಶ ಸುಮಾರು 1 ಕಿಲೋ ತೂಗುತ್ತದೆ. ಆರು ವಾರಕ್ಕೆ ಅದು ಕುಗ್ಗಿ 100 ಗ್ರಾಂಗಿಂತ ಕಡಿಮೆಯಾಗುತ್ತದೆ. ತಕ್ಕಡಿ ಇಲ್ಲದೆಯೇ ನಮ್ಮ ಹಿರಿಯರು ಇದನ್ನು ತೂಗಿದ್ದರು.

ಹಾಗೆಂದು ಹಿರಿಯರು ಮಾಡಿದ್ದೆಲ್ಲ ಸರಿ ಎನ್ನಲಾರೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಏಳುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಿ ಮಗು ಇಬ್ಬರನ್ನೂ ಮಲಗಿದಲ್ಲೇ ಕೊಲ್ಲಬಲ್ಲದು. ಹಾಲೂಡುವವಳಿಗೆ ನೀರು ಕೊಡದಿದ್ದರೆ ಮಲಬದ್ಧತೆ, ಮೂತ್ರದ ಉರಿ. ಹೊಟ್ಟೆಯನ್ನು ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಕ್ಕೆ ಇಳಿಯುತ್ತದೆ. ಅಲುಗಾಡದೆ ಮಲಗಿಯೇ ಇದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಹೆರಿಗೆಯಾದ ಮೊದಲ ಆರು ವಾರಗಳಲ್ಲೇ ಆ ಭಯ ಹೆಚ್ಚು.

ಇನ್ನೊಂದು ಮಾತನ್ನೂ ಹೇಳಬೇಕು. ಆ ಕತ್ತಲೆ ಕೋಣೆಯ ಸುಖ ಎಲ್ಲರಿಗೂ ಇರಲಿಲ್ಲ. ನಮ್ಮ ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದಾಕೆ ನನ್ನ ಚಿಕ್ಕಮ್ಮ ಹೆತ್ತ ತಿಂಗಳಿನಲ್ಲೇ ತಾನೂ ಹೆತ್ತಳು. ಚಿಕ್ಕಮ್ಮ ಕೋಣೆಯಲ್ಲಿ ಬೆವರುತ್ತ ಮಲಗಿದ್ದಾಗ, ಅವರ ಹಂಡೆಗೆ ಬಾವಿಯಿಂದ ನೀರು ಸೇದಿ ಹಾಕುತ್ತಿದ್ದವಳು ಈಕೆ, ಹೆತ್ತು ಹದಿನೈದು ದಿನಕ್ಕೆ. ಒಬ್ಬ ಬಾಣಂತಿಯ ಸ್ನಾನಕ್ಕೆ ಇನ್ನೊಬ್ಬ ಬಾಣಂತಿ ನೀರು ಹೊತ್ತಳು. ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ. ನಲವತ್ತು ದಾಟುವ ಹೊತ್ತಿಗೆ ಆಕೆಗೆ ಗರ್ಭಕೋಶ ಜಾರಿತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. "ಮೈ ಹೊರಗೆ ಬತ್ತದೆ ಕಣವ್ವ" ಎಂದು ಅಮ್ಮನ ಕಿವಿಯಲ್ಲಿ ಹೇಳಿ ಅತ್ತದ್ದನ್ನು ಬಾಗಿಲ ಸಂದಿಯಿಂದ ಕೇಳಿದ್ದೆ. ಒಬ್ಬಳಿಗೆ ಎದ್ದರೆ ಪಾಪ, ಇನ್ನೊಬ್ಬಳಿಗೆ ಮಲಗಿದರೆ ಕೂಲಿ ಇಲ್ಲ. ನಮ್ಮ ಬಾಣಂತನದ ಚರಿತ್ರೆ ಬರೆಯುವವರು ಈ ಎರಡು ಪುಟಗಳನ್ನೂ ಬರೆಯಬೇಕು.

ಇನ್ನು ಸಮುದ್ರದಾಚೆಯ ಕಥೆ. ಇಂಗ್ಲೆಂಡಿನವರು ಮೊದಲಿನಿಂದಲೂ ಹೆತ್ತ ಮರುದಿನವೇ ಓಡಾಡುತ್ತಿದ್ದರೆಂದು ನಾವು ತಿಳಿದಿದ್ದೇವೆ. ಅದು ತಪ್ಪು. 1773ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ವೈಟ್ ಎಂಬ ವೈದ್ಯ ಬಾಣಂತಿಯರ ಆರೈಕೆಯ ಬಗ್ಗೆ ಒಂದು ಪುಸ್ತಕ ಬರೆದ. ಅವನು ವರ್ಣಿಸುವ ಇಂಗ್ಲಿಷ್ ಬಾಣಂತಿ ಕೋಣೆಯಲ್ಲಿ ಉರಿಯುವ ಬೆಂಕಿ, ಮುಚ್ಚಿದ ಕಿಟಕಿ, ಎಳೆದ ಪರದೆ, ಬಟ್ಟೆ ತುರುಕಿದ ಬೀಗದ ಕಿಂಡಿ ಎಲ್ಲ ಇವೆ. ಓದಿದಾಗ ನಮ್ಮ ತಿಪಟೂರಿನ ಮನೆಯೇ ಕಣ್ಣೆದುರು ಬಂತು. ಕಿಟಕಿ ತೆಗೆಯಿರಿ, ಶುಭ್ರವಾಗಿರಿ, ಅವಳನ್ನು ಬೇಗ ಎಬ್ಬಿಸಿ ಕೂರಿಸಿರಿ ಎಂದು ವೈಟ್ ಹೇಳಿದ. ಜನ ಅಷ್ಟು ಸುಲಭಕ್ಕೆ ಕೇಳಲಿಲ್ಲ. ಮುಂದೆ ನೂರೈವತ್ತು ವರ್ಷವಾದರೂ ಅಲ್ಲಿನ ಆಸ್ಪತ್ರೆಗಳಲ್ಲಿ ಹೆತ್ತವಳನ್ನು ಒಂಬತ್ತು ಹತ್ತು ದಿನ ಹಾಸಿಗೆ ಬಿಟ್ಟು ಇಳಿಸುತ್ತಿರಲಿಲ್ಲ.

ಹಾಸಿಗೆಯಿಂದ ಇಳಿಸದಿದ್ದರೇನು, ಹಾಸಿಗೆಯಲ್ಲೇ ವ್ಯಾಯಾಮ ಮಾಡಿಸಬಹುದಲ್ಲ ಎಂಬ ಯೋಚನೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹುಟ್ಟಿತು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ದಾದಿಯರ ಶಾಲೆ ತೆರೆದ ಆಸ್ಪತ್ರೆ ಅದು. 1912ರಲ್ಲಿ ಅಲ್ಲಿನ ಪ್ರಸೂತಿ ವೈದ್ಯ ಫೇರ್‌ಬೇರ್ನ್, ದಾದಿಯೂ ಸೂಲಗಿತ್ತಿಯೂ ಆಗಿದ್ದ ಮಿನ್ನಿ ರ್‍ಯಾಂಡೆಲ್ ಎಂಬಾಕೆಯನ್ನು ಕರೆದು, ಹೆತ್ತವರಿಗೆ ತಕ್ಕ ವ್ಯಾಯಾಮ ಕ್ರಮವೊಂದನ್ನು ರೂಪಿಸಿಕೊಡಿ ಎಂದರು. ಉಸಿರು ಎಳೆದು ಬಿಡುವುದು, ಪಾದ ಆಡಿಸುವುದು, ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆಯುವುದು, ಇಂಥ ಸಣ್ಣ ಚಲನೆಗಳಿಂದ ಆ ಕೆಲಸ ಬೆಳೆಯಿತು. ಮುಂದೆ ಮಾರ್ಗರೆಟ್ ಮಾರಿಸ್ ಎಂಬ ನರ್ತಕಿ ಆಕೆಯ ಜೊತೆಗೂಡಿದಳು. 1936ರಲ್ಲಿ ಬಾಣಂತಿಯರ ವ್ಯಾಯಾಮದ ಪುಸ್ತಕವೇ ಹೊರಬಂತು. ಸೂಲಗಿತ್ತಿಯ ಅನುಭವಕ್ಕೆ ನರ್ತಕಿಯ ಮೈಯರಿವು ಸೇರಿ ಒಂದು ವಿದ್ಯೆಯಾದದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಇದೇ ಕಾಲದಲ್ಲಿ ನಮ್ಮ ದೇಶದಿಂದಲೂ ಒಂದು ಪಾಠ ಆ ಕಡೆ ಹೋಯಿತು. ಕ್ಯಾಥ್ಲೀನ್ ವಾನ್ ಎಂಬ ವೈದ್ಯೆ ಶ್ರೀನಗರದ ಹೆಂಗಸರ ಆಸ್ಪತ್ರೆಯಲ್ಲಿದ್ದವರು. ಪರದೆಯೊಳಗಿನ ಶ್ರೀಮಂತ ಮನೆತನದ ಹೆಣ್ಣುಮಕ್ಕಳಿಗೆ ಬಿಸಿಲು ಸೋಕದೆ ಎಲುಬು ಮೆತ್ತಗಾಗಿ, ಸೊಂಟದ ಮೂಳೆ ಸೊಟ್ಟಗಾಗಿ, ಹೆರಿಗೆ ಪ್ರಾಣಕ್ಕೆ ಬರುತ್ತಿದ್ದುದನ್ನು ಅವರು ಕಂಡರು. ಅದೇ ಊರಿನ ಸರೋವರದಲ್ಲಿ ಬಿಸಿಲಲ್ಲಿ ದೋಣಿ ನಡೆಸಿಕೊಂಡು, ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದ ದೋಣಿಗಾರ ಹೆಂಗಸರು ಸಲೀಸಾಗಿ ಹೆರುತ್ತಿದ್ದರು. 1928ರಲ್ಲಿ ಅವರು ಪರದೆ ಪದ್ಧತಿ ಮತ್ತು ತಾಯ್ತನದ ಬಗ್ಗೆ ಪುಸ್ತಕ ಬರೆದರು. ಗರ್ಭಿಣಿಯರಿಗೆ ಕೂತೇಳುವ ವ್ಯಾಯಾಮ ಬೇಕೆಂದು ಮುಂದೆ ಬ್ರಿಟನ್ನಿನಲ್ಲಿ ವಾದಿಸಿದರು. ಪಾಠ ಕಲಿಸಿದ ಆ ದೋಣಿಗಾರ ಹೆಂಗಸರ ಹೆಸರು ನಮಗೆ ಉಳಿದಿಲ್ಲ.

ಹಾಸಿಗೆಯಿಂದ ಇಳಿಸುವ ಕೆಲಸವನ್ನು ಕೊನೆಗೆ ಮಾಡಿದ್ದು ಎರಡನೆಯ ಮಹಾಯುದ್ಧ. ಹಾಸಿಗೆಗೂ ಬರ, ದಾದಿಯರಿಗೂ ಬರ. ಬೇರೆ ದಾರಿಯಿಲ್ಲದೆ ಹೆತ್ತವರನ್ನು, ಆಪರೇಷನ್ ಆದವರನ್ನು ಬೇಗ ಎಬ್ಬಿಸಿದರು. ನೋಡಿದರೆ ಅವರು ಇನ್ನೂ ಬೇಗ ಚೇತರಿಸಿಕೊಂಡರು. 1947ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆಯೇ ಲೇಖನ ಬರೆದರು. ಮರುವರ್ಷ, 1948ರಲ್ಲಿ, ಅಮೆರಿಕದ ಆರ್ನಾಲ್ಡ್ ಕೀಗಲ್ ಎಂಬ ಸ್ತ್ರೀರೋಗ ತಜ್ಞರು ಇನ್ನೊಂದು ಲೇಖನ ಬರೆದರು. ಹೆರಿಗೆಯಲ್ಲಿ ಸಡಿಲಾದ ಸೊಂಟದ ತಳದ ಸ್ನಾಯುಗಳನ್ನು ಆಪರೇಷನ್ ಇಲ್ಲದೆ ಬರೀ ಅಭ್ಯಾಸದಿಂದ ಗಟ್ಟಿ ಮಾಡಬಹುದೆಂದು ಅದರಲ್ಲಿತ್ತು. ಇಂದು ಆ ವ್ಯಾಯಾಮಕ್ಕೆ ಅವರ ಹೆಸರೇ ಇದೆ.

1948ರಲ್ಲಿ ಬರೆದದ್ದು ನನ್ನನ್ನು ಮುಟ್ಟಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಮುಚ್ಚಿಟ್ಟಿದ್ದೇನೆ ಎಂದೆನಲ್ಲ, ಆ ಸಂಗತಿ ಇದೇ.

1998ರಲ್ಲಿ ನನಗೆ ಎರಡನೆಯ ಮಗು, ಗಂಡು, ಮೂರೂವರೆ ಕಿಲೋ. ಆಗ ಖಾಸಗಿ ಶಾಲೆಯೊಂದರಲ್ಲಿದ್ದೆ, ಮೂರು ತಿಂಗಳ ರಜೆ. ಐದನೆಯ ವಾರದಲ್ಲಿ ನೋಡಲು ಬಂದ ನೆಂಟರೊಬ್ಬರು ನನ್ನ ಹೊಟ್ಟೆ ನೋಡಿ, "ಇನ್ನೂ ಒಳಗೊಂದಿದೆಯೇನೇ?" ಎಂದು ನಕ್ಕರು. ನಾನೂ ನಕ್ಕೆ, ರಾತ್ರಿ ಅತ್ತೆ. ಯಾವುದೋ ಪತ್ರಿಕೆಯ ಪುಟದಲ್ಲಿ ಹೊಟ್ಟೆ ಕರಗಿಸುವ ಹತ್ತು ವ್ಯಾಯಾಮಗಳ ಚಿತ್ರ ಇತ್ತು. ಹೆತ್ತವಳಿಗೆ ಎಂದು ಅಲ್ಲಿ ಬರೆದಿರಲಿಲ್ಲ, ಹೆತ್ತವಳಿಗೆ ಅಲ್ಲ ಎಂದೂ ಬರೆದಿರಲಿಲ್ಲ. ಅತ್ತೆಯವರು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿ ಶುರು ಮಾಡಿದೆ. ಮಲಗಿ ಎದ್ದು ಕೂರುವುದು ಐವತ್ತು ಸಲ, ಎರಡು ಕಾಲೂ ಎತ್ತುವುದು ಮೂವತ್ತು ಸಲ, ಮಗಳ ಹಗ್ಗ ಇಸಿದುಕೊಂಡು ಸ್ಕಿಪ್ಪಿಂಗು. ಹತ್ತನೆಯ ದಿನಕ್ಕೆ ನಿಂತಿದ್ದ ಕೆಂಪು ಮತ್ತೆ ಕಂಡಿತು. ಕೆಳಗೆ ಏನೋ ಜೋತುಬಿದ್ದಂತೆ ಭಾರ. ಆಗಲೇ ನಿಲ್ಲಿಸಬೇಕಿತ್ತು, ಹಟಕ್ಕೆ ಮುಂದುವರಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಆತುರಗಾತಿಗೂ ಅಷ್ಟೆ.

ಶಾಲೆಗೆ ಹೋದ ಮೊದಲ ವಾರ ಏಳನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಸೀನು ಬಂತು. ಸೀನಿದೆ. ಸೀರೆ ಒದ್ದೆಯಾಯಿತು. ಬೆಲ್ ಹೊಡೆಯುವವರೆಗೂ ಮೇಜಿನ ಹಿಂದಿನಿಂದ ಅಲುಗಾಡಲಿಲ್ಲ. ಅಂದಿನಿಂದ ಗಾಢ ಬಣ್ಣದ ಸೀರೆಗಳೇ ಉಟ್ಟೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲ. ಮಕ್ಕಳ ಜೊತೆ ಪ್ರವಾಸಕ್ಕೆ ಹೋಗುವುದನ್ನು ಬಿಟ್ಟೆ. ನಗುವಾಗಲೂ ಕಾಲು ಅಡ್ಡ ಹಾಕಿ ನಗುವುದನ್ನು ಕಲಿತೆ. ಗಂಡನಿಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಎರಡು ಹೆತ್ತವಳಿಗೆ ಇಷ್ಟು ಇರುವುದೇ ಎಂದುಕೊಂಡೆ. ವ್ಯಾಯಾಮವೊಂದರಿಂದಲೇ ಹೀಗಾಯಿತು ಎನ್ನಲಾರೆ. ದೊಡ್ಡ ಮಗು, ದೀರ್ಘ ಹೆರಿಗೆ, ಎಲ್ಲ ಸೇರಿತ್ತು. ಆದರೆ ಗಾಯದ ಮೇಲೆ ಕುಣಿದದ್ದು ನಾನೇ.

ಆದ್ದರಿಂದಲೇ ಹೋದ ವರ್ಷ ಮಗಳ ಚಾಪೆ ನೋಡಿ ನನ್ನ ಎದೆ ಹೊಡೆದುಕೊಂಡದ್ದು. ಮರುದಿನ ಹೊಲಿಗೆ ತೋರಿಸಲು ಹೋದಾಗ, ಹೆರಿಗೆಯಾದ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹುಡುಗಿಯ ಬಳಿ ಅವಳನ್ನು ಕೂರಿಸಿದೆ. ಅಮ್ಮನೂ ಹಟ ಮಾಡಿ ಜೊತೆಗೆ ಬಂದಿದ್ದರು. ಆ ಹುಡುಗಿ ಯಾರನ್ನೂ ಬೈಯಲಿಲ್ಲ. "ಅಜ್ಜಿ ಹೇಳೋದೂ ಅರ್ಧ ಸರಿ, ನೀವು ಹೇಳೋದೂ ಅರ್ಧ ಸರಿ" ಎಂದು ಶುರು ಮಾಡಿದಳು. ನಮ್ಮ ಸೊಂಟದ ತಳದಲ್ಲಿ ಜೋಲಿಯ ಸೀರೆಯಂತೆ ಒಂದು ಸ್ನಾಯುವಿನ ಹಾಸು ಇದೆ. ಮೂತ್ರಕೋಶ, ಗರ್ಭಕೋಶ, ಕರುಳು ಮೂರನ್ನೂ ಹೊತ್ತಿರುವುದು ಅದೇ. ಒಂಬತ್ತು ತಿಂಗಳು ಹೊತ್ತು ಅದು ಜಗ್ಗಿರುತ್ತದೆ, ಸಿಸೇರಿಯನ್ ಆದವರಿಗೂ. ಹೊಟ್ಟೆಯ ಎರಡು ಪಟ್ಟಿ ಸ್ನಾಯುಗಳು ನಡುವಿನಲ್ಲಿ ಬೇರ್ಪಟ್ಟಿರುತ್ತವೆ. ಹೊರಗಿನ ಹೊಲಿಗೆ ಒಣಗಿದರೂ ಒಳಗಿನ ಪದರಗಳು ಕೂಡಲು ಹಲವು ವಾರ ಬೇಕು. ಇಷ್ಟು ತಿಳಿದರೆ ಯಾವುದನ್ನು ಯಾವಾಗ ಮಾಡಬೇಕೆಂಬುದು ತಾನೇ ತಿಳಿಯುತ್ತದೆ ಎಂದಳು.

ಅವಳು ಹೇಳಿದ್ದನ್ನು ಟೀಚರ್ ಬುದ್ಧಿ ಬಿಡದೆ ಬರೆದುಕೊಂಡು ಬಂದೆ. ಮೊದಲ ದಿನಗಳಲ್ಲಿ ಆಳವಾದ ಉಸಿರು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮನೆಯೊಳಗೇ ನಾಲ್ಕು ಹೆಜ್ಜೆ ನಡೆಯುವುದು. ಏಳುವಾಗ ನೇರ ಏಳಬಾರದು. ಮಗ್ಗುಲಿಗೆ ಹೊರಳಿ, ಕೈ ಊರಿ ಏಳಬೇಕು. ಕೆಮ್ಮು ಬಂದರೆ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಬೇಕು. ಆರು ವಾರದವರೆಗೆ ಮಗುವಿಗಿಂತ ಭಾರದ್ದು ಎತ್ತಬಾರದು. ಮಲಗಿ ಎದ್ದು ಕೂರುವುದು, ಎರಡು ಕಾಲು ಒಟ್ಟಿಗೆ ಎತ್ತುವುದು, ಹಾರುವುದು ಯಾವುದೂ ಕೂಡದು. ದಿನಕ್ಕೆ ಐದು ನಿಮಿಷದಿಂದ ಶುರು ಮಾಡಿ ನಡಿಗೆಯನ್ನು ಮೆಲ್ಲನೆ ಬೆಳೆಸಬಹುದು. ಮಂಡಿ ಮಡಚಿ ಮಲಗಿ, ಸೊಂಟದ ಹಿಂಭಾಗವನ್ನು ಮೆಲ್ಲಗೆ ಚಾಪೆಗೆ ಒತ್ತಿ ಬಿಡಬಹುದು.

ತಳದ ಸ್ನಾಯುವಿನ ಅಭ್ಯಾಸಕ್ಕೆ ಚಾಪೆಯೂ ಬೇಡ. ನಾಲ್ಕು ಜನರ ನಡುವೆ ವಾಯು ಬಂದರೆ ಹೇಗೆ ಬಿಗಿಹಿಡಿಯುತ್ತೇವೋ ಹಾಗೆ ಹಿಡಿದು, ಒಳಕ್ಕೆ ಮೇಲಕ್ಕೆ ಎಳೆದುಕೊಳ್ಳಬೇಕು. ಉಸಿರು ಕಟ್ಟಬಾರದು, ಪೃಷ್ಠ ತೊಡೆ ಬಿಗಿಯಬಾರದು. ಮೂರರಿಂದ ಐದು ಎಣಿಸುವವರೆಗೆ ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂತ್ರ ಮಾಡುವಾಗ ತಡೆತಡೆದು ಅಭ್ಯಾಸ ಮಾಡಬಾರದು. ಸಹಜ ಹೆರಿಗೆಯಾದವರು ನೋವು ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಇದನ್ನು ಶುರು ಮಾಡಬಹುದು. ಮೂತ್ರಕ್ಕೆ ನಳಿಕೆ ಹಾಕಿದ್ದರೆ ಅದನ್ನು ತೆಗೆದ ಮೇಲೆ.

ಆರು ವಾರಕ್ಕೆ ಡಾಕ್ಟರಿಗೆ ತೋರಿಸಿ ಮುಂದಿನ ಮೆಟ್ಟಿಲು. ಮಂಡಿ ಮಡಚಿ ಮಲಗಿ ತಲೆಯನ್ನು ಸ್ವಲ್ಪ ಎತ್ತಿದಾಗ ಹೊಕ್ಕುಳ ಹತ್ತಿರ ಎರಡು ಬೆರಳಿಗಿಂತ ಅಗಲದ ಸಂದು ಸಿಕ್ಕರೆ, ಅಥವಾ ಹೊಟ್ಟೆಯ ನಡುವೆ ದಿಣ್ಣೆಯಂತೆ ಎದ್ದರೆ, ಹೊಟ್ಟೆಯ ಭಾರೀ ವ್ಯಾಯಾಮಕ್ಕೆ ಇನ್ನೂ ಕಾಲ ಬಂದಿಲ್ಲ. ಓಡುವುದಕ್ಕೆ ಕನಿಷ್ಠ ಹನ್ನೆರಡು ವಾರ ತಡೆಯಿರಿ ಎಂದು 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿ ತಜ್ಞರು ಬರೆದರು. ಹನ್ನೆರಡು ವಾರವೆಂದರೆ ನಮ್ಮ ಗಂಗೆ ಪೂಜೆಯ ಮೂರನೆಯ ತಿಂಗಳು! ಎಲ್ಲ ಸರಿಯಿದ್ದವರು ಕ್ರಮೇಣ ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆಗೆ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹದವಾದ ವ್ಯಾಯಾಮದಿಂದ ಎದೆಹಾಲು ಕೆಡುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮಗುವಿಗೆ ಕುಡಿಸಿ ಆಮೇಲೆ ಮಾಡಿದರೆ ಎದೆಭಾರ ಇರುವುದಿಲ್ಲ, ಅಷ್ಟೆ.

ನಿಂತ ರಕ್ತ ಮತ್ತೆ ಕೆಂಪಾಗಿ ಕಂಡರೆ, ಕೆಳಗೆ ಭಾರವೆನಿಸಿದರೆ, ಮೂತ್ರ ಸೋರಿದರೆ, ಅದು ಮೈ ಬರೆದ ಚೀಟಿ. ಅಂದಿಗೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ನೆನೆದು ಹೋದರೆ, ಒಂದು ಕಾಲಿನ ಮೀನಖಂಡ ಊದಿ ನೊಂದರೆ, ಎದೆ ನೋವು, ಉಸಿರಾಟದ ಕಷ್ಟ, ಜ್ವರ, ಹೊಲಿಗೆಯಲ್ಲಿ ಕೀವು, ತಡೆಯಲಾರದ ತಲೆನೋವು ಕಣ್ಣು ಮಂಜು ಬಂದರೆ ಅಂದೇ ಆಸ್ಪತ್ರೆಗೆ. ಎರಡು ವಾರ ದಾಟಿದರೂ ಮನಸ್ಸಿನ ಕತ್ತಲೆ ಕರಗದೆ ಅಳುವೇ ಬರುತ್ತಿದ್ದರೆ ಅದನ್ನೂ ಹೇಳಿಕೊಳ್ಳಬೇಕು.

ಎಲ್ಲ ಮುಗಿದು ಏಳುವಾಗ ನಾನು ಬಾಗಿಲವರೆಗೆ ಹೋಗಿ ಹಿಂದಿರುಗಿದೆ. "ಅಮ್ಮಾ, ಇದು ನನ್ನಂಥ ವಯಸ್ಸಾದವರಿಗೂ ಆಗುತ್ತದೆಯೇ?" ಎಂದು ಕೇಳಿದೆ. ಧ್ವನಿ ನಡುಗಿತು. ಹುಡುಗಿ ಅರ್ಥ ಮಾಡಿಕೊಂಡಳು. "ಎಷ್ಟು ವರ್ಷದಿಂದ?" ಎಂದಳು. ಹೇಳಿದೆ. ಮಗಳು ನನ್ನ ಕೈ ಹಿಡಿದುಕೊಂಡಳು. ಅಮ್ಮ ಏನೂ ಮಾತನಾಡದೆ ಕಿಟಕಿಯ ಕಡೆ ನೋಡುತ್ತಿದ್ದರು. ಆಟೋದಲ್ಲಿ ಕೂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಅಂದರು: "ನಂಗೂ ಹಂಗೇ ಕಣೇ, ನಿನ್ನ ತಮ್ಮ ಹುಟ್ಟಿದಾಗಿನಿಂದ. ಯಾರ ಹತ್ತಿರ ಹೇಳೋದು?"

ಐವತ್ತು ವರ್ಷ! ಮೂರು ತಿಂಗಳು ಕಾಲು ನೆಲಕ್ಕೆ ತಾಗಿಸದೆ ಬಾಣಂತನ ಮಾಡಿಸಿಕೊಂಡವರು ಅಮ್ಮ. ಐದು ವಾರಕ್ಕೆ ಕುಣಿದವಳು ನಾನು. ಹದಿನೈದು ದಿನಕ್ಕೆ ನೀರು ಹೊತ್ತವಳು ಕೊಟ್ಟಿಗೆಯವಳು. ಮೂವರೂ ಒಂದೇ ಕಡೆ ಬಂದು ನಿಂತಿದ್ದೆವು, ಬಾಯಿ ಮುಚ್ಚಿಕೊಂಡು. ಮಲಗಿದ್ದು ಹೆಚ್ಚೋ ಎದ್ದದ್ದು ಬೇಗವೋ ಎಂಬ ಜಗಳದಲ್ಲಿ, ಆ ಜೋಲಿಯ ಸೀರೆಯನ್ನು ಮತ್ತೆ ಹೊಲಿಯುವುದು ಹೇಗೆಂದು ಯಾರೂ ನಮಗೆ ಹೇಳಿರಲಿಲ್ಲ.

ವಿಶ್ರಾಂತಿಗೆ ಕಾನೂನು ಇಲ್ಲವೆಂದಲ್ಲ. 1929ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಬಂತು. 1961ರ ಕೇಂದ್ರ ಕಾಯಿದೆ ಹೆರಿಗೆಯಾದ ಆರು ವಾರಗಳವರೆಗೆ ಹೆಂಗಸನ್ನು ಕೆಲಸಕ್ಕೆ ಹಚ್ಚಲೇಬಾರದೆಂದು ವಿಧಿಸಿ ಹನ್ನೆರಡು ವಾರದ ರಜೆ ಕೊಟ್ಟಿತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಯಿತು. ನನ್ನ ಮಗಳಿಗೆ ಅದು ಸಿಕ್ಕಿದೆ. ಗಾರೆ ಕೆಲಸದವಳಿಗೆ, ಹೊಲದ ಕೂಲಿಯವಳಿಗೆ, ನಮ್ಮ ನಿಮ್ಮ ಮನೆಯ ಪಾತ್ರೆ ತೊಳೆಯುವವಳಿಗೆ ರಜೆಯ ಅರ್ಜಿ ಬರೆದುಕೊಡುವವರು ಯಾರು? ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ 42ನೆಯ ದಿನದವರೆಗೆ ಆರು ಸಲ ಬಂದು ಮಗುವನ್ನು ನೋಡುವ ಕ್ರಮವಿದೆ. ಆ ಹೊತ್ತಿನಲ್ಲಿ ಕೇಳಬೇಕಾದ್ದನ್ನು ನಾಚಿಕೆ ಬಿಟ್ಟು ಕೇಳಿರಿ.

ನಾನು ಅಂದಿನಿಂದ ಬಿಡದೆ ಅಭ್ಯಾಸ ಮಾಡಿದೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಾಗಲೂ ಮಾಡಿದೆ. ಮಕ್ಕಳಿಗೆ ಟೀಚರ್ ಗಂಭೀರವಾಗಿ ನಿಂತಿದ್ದಾರೆಂದು ಕಂಡಿರಬೇಕು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಒಗ್ಗರಣೆಯ ಘಾಟಿಗೆ ಮೂರು ಸಲ ಸೀನಿದೆ, ಏನೂ ಆಗಲಿಲ್ಲ. ಪೂರ್ತಿ ಗುಣವಾಗಿದೆ ಎನ್ನಲಾರೆ, ಆದರೆ ಈ ಡಿಸೆಂಬರಿನಲ್ಲಿ ಮಕ್ಕಳ ಜೊತೆ ಬೇಲೂರು ಹಳೇಬೀಡಿಗೆ ಹೋಗಿ ಬಂದೆ. ಅಮ್ಮನನ್ನು ಡಾಕ್ಟರಿಗೆ ತೋರಿಸಿದೆವು. ಅವರಿಗೆ ಗರ್ಭಕೋಶ ಸ್ವಲ್ಪ ಜಾರಿದೆ; ಈ ವಯಸ್ಸಿನಲ್ಲಿ ಆಪರೇಷನ್ ಬೇಡವೆಂದು ಆಸರೆಗೆ ಒಂದು ಬಳೆ ಇಟ್ಟಿದ್ದಾರೆ. "ಇದನ್ನ ಆವಾಗಲೇ ಇಟ್ಟಿದ್ರೆ ಕಾಶಿ ನೋಡಿ ಬರ್ತಿದ್ದೆ" ಎನ್ನುತ್ತಾರೆ.

ಮೂರನೆಯ ತಿಂಗಳು ತುಂಬಿದಾಗ ಗಂಗೆ ಪೂಜೆ ಮಾಡಿಸಲೇಬೇಕೆಂದರು ಅಮ್ಮ. ಬಾವಿ ಮುಚ್ಚಿ ಇಪ್ಪತ್ತು ವರ್ಷವಾಗಿದೆ. ಹಿತ್ತಲ ನಲ್ಲಿಗೇ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಮಗಳ ಕೈಗೆ ಬಿಂದಿಗೆ ಕೊಟ್ಟೆವು. ಅವಳು ಸೊಂಟ ಬಗ್ಗಿಸದೆ ಮಂಡಿ ಮಡಚಿ ಕೂತು, ಉಸಿರು ಬಿಡುತ್ತ, ಒಳಗೆ ಬಿಗಿಹಿಡಿದು, ಬಿಂದಿಗೆ ಎತ್ತಿಕೊಂಡು ಎದ್ದಳು. ಅದನ್ನು ಹಾಗೆ ಎತ್ತಬೇಕೆಂದು ಆ ಹುಡುಗಿ ಕಲಿಸಿದ್ದಳು. ಅಮ್ಮ ನೋಡುತ್ತ ನಿಂತಿದ್ದರು. "ಹೂಂ, ಹಂಗೇ, ಮೆಲ್ಲಗೆ" ಎಂದರು.

ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಅವಳಿಗೆ ಇಷ್ಟನ್ನು ಹೇಳಿರಿ. ಅವಳ ಬಟ್ಟೆ ಒಗೆಯಲು ಬರುವವಳು ಎಳೆಮಗುವಿನ ತಾಯಿಯಾದರೆ, ಅವಳನ್ನೂ ಐದು ನಿಮಿಷ ಕೂರಿಸಿ ಹೇಳಿರಿ. ಆ ತಿಂಗಳು ಬಕೆಟ್ಟು ನಾವೇ ಎತ್ತಿದರೂ ಆದೀತು.